ತಂಗಿಯ ಒಲೆಗೆ ಕಾರವಾರದಲ್ಲಿ ಜಾಗ ನೋಡಿದ್ದು

ಕಬ್ಬಿನ ಗಾಡಿಯನ್ನು ಎರಡು ಸಲ ತೂಗಬೇಕು. ತುಂಬಿ ಬಂದಾಗ ಒಮ್ಮೆ, ಇಳಿಸಿ ಖಾಲಿಯಾಗಿ ಹೊರಟಾಗ ಇನ್ನೊಮ್ಮೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಕಬ್ಬು. ನಿವೃತ್ತನಾಗುವ ತನಕ ಸಕ್ಕರೆ ಕಾರ್ಖಾನೆಯೊಂದರ ತೂಕದ ಕಟ್ಟೆಯ ಮೇಲೆ ಕೂತು ನಾನು ಮಾಡಿದ ದೇಶಸೇವೆ ಇಷ್ಟೇ. ಆದರೆ ಇಷ್ಟನ್ನೇ ದಿನವೂ ಮಾಡಿದ ಮನುಷ್ಯನಿಗೆ ಕ್ರಮೇಣ ಜಗತ್ತಿನ ಸಕಲ ಪದಾರ್ಥಗಳನ್ನು ತೂಗುವ ಅಧಿಕಾರ ತನಗುಂಟೆಂದು ಅನ್ನಿಸತೊಡಗುತ್ತದೆ. ನಾನು ಬೀಗರ ಮನೆಗಳನ್ನು ತೂಗಿದ್ದೇನೆ. ಎಮ್ಮೆಗಳನ್ನು, ಹೊಸದಾಗಿ ಬಂದ ಡಾಕ್ಟರರನ್ನು, ಹಳಿಯಾಳದ ಬಸ್ ನಿಲ್ದಾಣದ ಸುತ್ತಲಿನ ಚಹಾದಂಗಡಿಗಳನ್ನೆಲ್ಲ ತೂಗಿ ತೀರ್ಪು ಕೊಟ್ಟಿದ್ದೇನೆ. ಕೇಳಿದವರು ಕಡಿಮೆ, ಅದು ನನ್ನ ತಪ್ಪಲ್ಲ.

ಆದ್ದರಿಂದ ಹೋದ ಚಳಿಗಾಲದಲ್ಲಿ ನನ್ನ ತಂಗಿ, "ಅಣ್ಣಾ, ಕಾರವಾರದಾಗ ಒಂದ ಲಾಡ್ಜ್ ಐತಿ, ಅದರ ಕೆಳಗ ಹೋಟೆಲ್ ಐತಿ. ಹೋಗಿ ನೋಡೂಣು ಬಾ" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಕೊನೆಗೂ ಯೋಗ್ಯ ವ್ಯಕ್ತಿಯನ್ನೇ ಕೇಳಿದಳಲ್ಲ ಎನ್ನಿಸಿತು.

ತಂಗಿಯದು ಹಳಿಯಾಳದ ಪೇಟೆಯಲ್ಲಿ ಒಂದು ಖಾನಾವಳಿ. ಮುಂಡಗೋಡ ತಾಲ್ಲೂಕಿನ ಇಂದೂರಿಗೆ ಸೊಸೆಯಾಗಿ ಹೋಗಿದ್ದವಳು, ಗಂಡ ತೀರಿದ ಮೇಲೆ ಊರಿಗೆ ಮರಳಿ, ಒಂದು ಬಾಡಿಗೆಯ ಕೋಣೆಯಲ್ಲಿ ಒಂದು ಒಲೆ, ಎರಡು ಹಂಚು ಹೂಡಿ ಕೂತಳು. ಇಪ್ಪತ್ತಾರು ವರ್ಷವಾಯಿತು. ಬೋರ್ಡು ಈವರೆಗೂ ಇಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ ಸಾರು. ಸಂತೆಯ ದಿನ ಹಳ್ಳಿಗಳಿಂದ ಬಂದವರು ಸರದಿಗಾಗಿ ಹೊರಗೆ ನಿಲ್ಲುತ್ತಾರೆ. ಈಗ ಆ ಕಟ್ಟಡದ ಯಜಮಾನರು ಅದನ್ನು ಕೆಡವಿ ಮೂರಂತಸ್ತಿನ ಮಳಿಗೆ ಕಟ್ಟುವವರಿದ್ದರು. ಒಳ್ಳೆಯ ಜನ, ಯುಗಾದಿಯ ತನಕ ಇರು ತಾಯಿ ಎಂದರು. ಪೇಟೆಯಲ್ಲಿ ಬೇರೆ ಜಾಗ ಹುಡುಕಿದ್ದಾಯಿತು. ಹೊಗೆ ಬರುತ್ತದೆ ಎಂದು ಒಬ್ಬರು, ಜನ ಬರುತ್ತಾರೆ ಎಂದು ಇನ್ನೊಬ್ಬರು ಒಲ್ಲೆ ಎಂದರು. ಖಾನಾವಳಿಗೆ ಇವೆರಡೂ ಬರಲೇಬೇಕಲ್ಲ. ಖಾನಾವಳಿ ಮುಚ್ಚಿ ನಮ್ಮ ಮನೆಯಲ್ಲಿ ಬಂದಿರು ಎಂದು ನಾನು ಧಾರಾಳವಾಗಿ ಕರೆದೆ.

"ಬಂದು ಏನ ಮಾಡ್ಲಿ? ಟೀವಿ ಮುಂದ ಕುಂತು ಅವರಿವರ ಸಂಸಾರ ನೋಡ್ಲೇನ? ಕೈಯಾಗ ಇನ್ನೂ ಕಸುವು ಐತಿ ನನಗ" ಎಂದು ಅವಳು ಧಾರಾಳತನವನ್ನು ಅಲ್ಲಿಗೇ ಮುಗಿಸಿದಳು.

ಅಷ್ಟರಲ್ಲಿ ಕಾರವಾರದಿಂದ ಫೋನು ಬಂತು. ಮಾಡಿದವರು ಮೂಲತಃ ದಾಂಡೇಲಿಯವರು. ಹಳಿಯಾಳದಲ್ಲಿ ಹನ್ನೆರಡು ವರ್ಷ ಲಾರಿ ರಿಪೇರಿಯ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ಕು. ಅಷ್ಟೂ ವರ್ಷ ಮಧ್ಯಾಹ್ನ ಉಂಡದ್ದು ತಂಗಿಯ ಖಾನಾವಳಿಯಲ್ಲಿ. ಅವಳಿಗೆ ಅವರು ಭಾಯಿ, ಅವರಿಗೆ ಅವಳು ಅಕ್ಕ. ಗ್ಯಾರೇಜು ಮಾರಿ ಕಾರವಾರದಲ್ಲಿ ಹನ್ನೆರಡು ಕೋಣೆಯ ಒಂದು ಲಾಡ್ಜು ಕೊಂಡಿದ್ದರು. ಕೋಣೆಗಳು ಹೇಗೋ ನಡೆಯುತ್ತಿದ್ದವು. ಕೆಳಗಿನ ಹೋಟೆಲು ನಡೆಯುತ್ತಿರಲಿಲ್ಲ. "ಅಕ್ಕಾ, ಶನಿವಾರ-ಐತವಾರ ನಮ್ಮ ಕಡೀ ಮಂದೀನ ಬರತಾರ. ಹುಬ್ಬಳ್ಳಿ, ಗದಗ, ಬೆಳಗಾವಿ. ಒಮ್ಮೆ ಉಂಡವರು ಮತ್ತೊಮ್ಮೆ ಉಣ್ಣಾಕ ಕೆಳಗ ಇಳಿಯಂಗಿಲ್ಲ. ಅಡಗಿ ಛಲೋ ಐತ್ರಿ ಅಂತಾರ, ಹೊರಗ ಹೋಗಿ ಉಣ್ತಾರ. ನೀ ಬಂದು ರೊಟ್ಟಿ ಬಡಿ. ಅಡಗಿಮನಿ ನಿಂದ" ಎಂದರಂತೆ.

ಇಲ್ಲಿ ನಾನೊಂದು ಸಂಗತಿಯನ್ನು ಬಹಿರಂಗಪಡಿಸುವುದು ಧರ್ಮ. ನನ್ನ ಹೆಂಡತಿ ಇಲ್ಲ. ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಆರು ವರ್ಷಗಳಿಂದ ನನ್ನ ಮಧ್ಯಾಹ್ನದ ಊಟ ತಂಗಿಯ ಖಾನಾವಳಿಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಆಗುತ್ತದೆ. ಅವಳು ಕಾರವಾರಕ್ಕೆ ಹೋದರೆ ಆ ಊಟವೂ ಹೋಗುತ್ತದೆ, ಊಟಕ್ಕೆ ಮುಂಚಿನ ಅರ್ಧ ಗಂಟೆ ಮತ್ತು ನಂತರದ ಒಂದು ಗಂಟೆಯ ಮಾತೂ ಹೋಗುತ್ತದೆ. ಹೀಗಿರುವಾಗ ತೂಗುವ ಕೆಲಸವನ್ನು ನಾನು ಒಪ್ಪಿಕೊಳ್ಳಬಾರದಿತ್ತು. ಒಪ್ಪಿಕೊಂಡೆ. ನಿಷ್ಪಕ್ಷಪಾತವಾಗಿಯೇ ತೂಗುವೆನೆಂದೂ, ತೂಗಿದಾಗ ಲಾಡ್ಜು ತಾನಾಗಿಯೇ ಕಡಿಮೆ ಬೀಳುವುದೆಂದೂ ನನಗೆ ನಂಬಿಕೆಯಿತ್ತು.

ಕ್ರಮ ನಾನೇ ನಿರ್ಧರಿಸಿದೆ: ಭಾನುವಾರ ತುಂಬಿದ ತೂಕ, ಸೋಮವಾರ ಖಾಲಿ ತೂಕ. ನಸುಕಿನ ಬಸ್ಸು ಹತ್ತಿದೆವು. ದಾಂಡೇಲಿಯಲ್ಲಿ ಅರ್ಧ ಬಸ್ಸು ಇಳಿಯಿತು. ಜೋಯಿಡಾದಲ್ಲಿ ಚಹಾಕ್ಕೆ ನಿಂತಾಗ ತಂಗಿ ಬುತ್ತಿ ಬಿಚ್ಚಿದಳು. ನಾಲ್ಕು ರೊಟ್ಟಿ ಅಲ್ಲಿಯೇ ಮುಗಿದವು. ಅಣಶಿ ಘಟ್ಟ ಇಳಿಯುವಾಗ ಅವಳು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದಳು. ನಾನು ಕಣ್ಣು ತೆರೆದೇ ಜಪಿಸಿದೆ. ಊಟದ ಹೊತ್ತಿಗೆ ಕಾರವಾರ.

ಲಾಡ್ಜು ಸಮುದ್ರದ ದಂಡೆಯ ಮೇಲಿಲ್ಲ. ದಂಡೆಯ ಹಿಂದಿನ ರಸ್ತೆಯ ಹಿಂದಿನ ರಸ್ತೆಯಲ್ಲಿದೆ. ಭಾಯಿ ಬಾಗಿಲಲ್ಲೇ ನಿಂತಿದ್ದರು. ತಲೆ ನರೆತಿತ್ತು, ಉಗುರಿನ ಅಂಚಿನ ಗ್ರೀಸು ಮಾತ್ರ ಗ್ಯಾರೇಜಿನ ಕಾಲದ್ದೇ.

"ಬರ್ರಿ ಅಣ್ಣಾರ, ಬಾ ಅಕ್ಕಾ! ಮೂರನೇ ಮಾಳಿಗಿ, ಸಮುದ್ರ ಕಾಣೂ ರೂಮ ಇಟ್ಟೇನಿ ನಿಮಗ."

ಸಮುದ್ರ ಕಾಣುತ್ತಿತ್ತು. ಇಲ್ಲವೆಂದರೆ ಅನ್ಯಾಯವಾಗುತ್ತದೆ. ನನ್ನ ಕೋಣೆಯ ಕಿಟಕಿಯಿಂದ, ಪಕ್ಕದ ಮನೆಯ ನೀರಿನ ಟಾಕಿಗೂ ಅದರಾಚೆಯ ತೆಂಗಿನ ಮರಕ್ಕೂ ನಡುವೆ, ಒಂದು ಗೇಣು ಸಮುದ್ರವಿತ್ತು. ನಾನು ನೋಡುತ್ತಿದ್ದಂತೆ ಆ ಮನೆಯ ಹೆಂಗಸು ಹಗ್ಗದ ಮೇಲೆ ಒಂದು ಸೀರೆ ಹರವಿದಳು. ಸಮುದ್ರ ಅರ್ಧ ಗೇಣಿಗೆ ಇಳಿಯಿತು. ತೂಕದ ಲೆಕ್ಕಕ್ಕೆಂದು ತಂದಿದ್ದ ಪುಸ್ತಕದಲ್ಲಿ ಬರೆದುಕೊಂಡೆ.

ಉಳಿದ ಅಂಶಗಳು: ಹಾಸಿಗೆಯ ಚಾದರದ ಮೇಲೆ ಹೊಸ ಕಲೆಗಳಿರಲಿಲ್ಲ, ಇದ್ದವು ಅನೇಕ ಒಗೆತಗಳನ್ನು ಕಂಡ, ಹಿರಿಯ, ಗೌರವಾನ್ವಿತ ಕಲೆಗಳು. ಗೋಡೆಯ ಮೇಲೆ ಒಂಬತ್ತು ಸ್ವಿಚ್ಚುಗಳಿದ್ದವು. ಒಂದು ದೀಪದ್ದು, ಒಂದು ಫ್ಯಾನಿನದು. ಉಳಿದವುಗಳಲ್ಲಿ ಒಂದನ್ನು ಒತ್ತಿದಾಗ ಪಕ್ಕದ ಕೋಣೆಯಿಂದ "ಯಾಂವಲೇ ಅಂವ ಲೈಟ್ ಆರಿಸಿದಾಂವ?" ಎಂಬ ಧ್ವನಿ ಬಂದುದರಿಂದ ಆ ಸಂಶೋಧನೆ ಅಲ್ಲಿಗೇ ನಿಂತಿತು. ಬಾಗಿಲ ಹಿಂದೆ ನಿಯಮಗಳ ಪಟ್ಟಿಯಿತ್ತು. ಬಾಲ್ಕನಿಯಲ್ಲಿ ಮೀನು ಒಣಗಿಸಬಾರದು ಎಂಬುದು ನಾಲ್ಕನೆಯದು. ಯಾರೋ ಒಣಗಿಸಿರದೆ ಇಂಥ ನಿಯಮ ಹುಟ್ಟುವುದಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಮೀನು ನನ್ನ ದೊಡ್ಡ ಆಸರೆಯಾಗಿತ್ತು. ನಾವು ಲಿಂಗ ಕಟ್ಟಿದವರು; ತಂಗಿ ಮೊಟ್ಟೆಯ ಚಿತ್ರವಿದ್ದ ಬಿಸ್ಕೀಟಿನ ಪೊಟ್ಟಣವನ್ನು ತಿರುಗಿಸಿ ಇಡುವವಳು. ಮೀನು ಹುರಿಯುವ ಹೋಟೆಲಿನಲ್ಲಿ ಅವಳು ಒಲೆ ಹೂಡುವುದುಂಟೇ?

ಕೆಳಗಿಳಿಯುತ್ತ ಈ ಪ್ರಶ್ನೆಯನ್ನು ನಾನೇ ಎತ್ತಿದೆ. ಭಾಯಿ ಕೂಡಲೇ, "ಮೀನಿಂದ ಹಿಂದ ಐತ್ರಿ. ಬ್ಯಾರೆ ಒಲಿ, ಬ್ಯಾರೆ ಪಾತ್ರಿ, ಅಡಗಿಯವರೂ ಬ್ಯಾರೆ. ಅಕ್ಕನ ಅಡಗಿಮನಿ ಮುಂದ. ಅಲ್ಲೆ ನಾನೂ ಕೇಳದನ ಕಾಲ ಇಡಂಗಿಲ್ಲ" ಎಂದರು.

"ವಾಸನಿ ಬರತೈತೆಲ್ಲ?" ಎಂದೆ ನಾನು.

"ಬಂದ್ರ ಬರ್ಲಿ ಬಿಡು ಅಣ್ಣಾ" ಎಂದಳು ತಂಗಿ. "ಹನ್ನೆರಡ ವರ್ಷ ಭಾಯಿ ಡೀಸೆಲ್ ವಾಸನಿ ತಗೊಂಡ ಬಂದು ನಮ್ಮಲ್ಲೆ ಉಂಡಾರ. ಒಂದ ದಿನ ನಾ ಏನರ ಅಂದೇನೇನ?"

ನನ್ನ ದೊಡ್ಡ ಆಸರೆ ಹೀಗೆ ಮೆಟ್ಟಿಲ ಮೇಲೆಯೇ ಕುಸಿಯಿತು.

ಹೋಟೆಲಿನಲ್ಲಿ ಒಂಬತ್ತು ಟೇಬಲ್ಲುಗಳು. ಭಾನುವಾರವಾದ್ದರಿಂದ ಏಳು ತುಂಬಿದ್ದವು. ಪಕ್ಕದ ಟೇಬಲ್ಲಿನಲ್ಲಿ ಅಣ್ಣಿಗೇರಿ ಕಡೆಯದೊಂದು ಕುಟುಂಬ. ಧೋತರ ಟೊಪ್ಪಿಗೆಯ ಒಬ್ಬ ಅಜ್ಜ, ಸುತ್ತ ಅವರ ಮಕ್ಕಳು ಸೊಸೆಯಂದಿರು. ಬಡಿಸುತ್ತಿದ್ದವರು ಕಾರವಾರದವರೇ ಆದ, ನನ್ನ ತಂಗಿಗಿಂತ ತುಸು ಚಿಕ್ಕ ವಯಸ್ಸಿನ, ಬಲು ಮರ್ಯಾದಸ್ಥರೊಬ್ಬರು. ಎರಡು ಚಪಾತಿ, ಪಲ್ಯ ಹಾಕಿ ಹೋದರು. ಅವು ಮುಗಿಯುತ್ತಲೇ ಬಂದು, "ಇನ್ನು ಚಪಾತಿ?" ಎಂದರು.

"ಸಾಕ್ರಿ" ಎಂದೆ.

ಅವರು ಹೋದರು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗಾಗಿ ಇದನ್ನು ವಿವರಿಸಬೇಕು. ನಮ್ಮಲ್ಲಿ ಊಟಕ್ಕೆ ಕೂತವನು ಮೊದಲ ಸಲ ಸಾಕು ಎನ್ನುವುದು ಬಡಿಸುವವರ ಮೇಲಿನ ಗೌರವಕ್ಕೆ. ಕೇಳಿದ ಕೂಡಲೇ ಹಾಕಿಸಿಕೊಂಡರೆ ಉಪವಾಸದಿಂದ ಬಂದವನಂತೆ ಕಾಣುತ್ತದೆ. ಆಗ ಬಡಿಸುವವರು, "ಏನ್ ಉಂಡ್ರಿ ಅಂತ ಸಾಕು? ತಗೋರಿ" ಎಂದು ಹಾಕಬೇಕು. ಎರಡನೆಯ ಸಲ ಸಾಕು ಎನ್ನುವುದು ಮನೆತನದ ಗೌರವಕ್ಕೆ. ಅದಕ್ಕೂ ಹಾಕಬೇಕು. ಮೂರನೆಯ ಸಲ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳಿದರೆ ಅದು ನಿಜವಾದದ್ದು. ತಂಗಿಯ ಖಾನಾವಳಿಯಲ್ಲಿ ಈ ಮೂರನೆಯದಕ್ಕೂ ಎಷ್ಟೋ ಸಲ ಬೆಲೆ ಸಿಕ್ಕಿಲ್ಲ. ಅಡ್ಡ ಹಿಡಿದ ಕೈಯ ಮೇಲೆಯೇ ರೊಟ್ಟಿ ಬಿದ್ದ ಉದಾಹರಣೆಗಳಿವೆ. ಹೀಗೆ ಬೆಳೆದ ನನಗೆ, ಹೇಳಿದ ಮಾತನ್ನು ಹೇಳಿದಂತೆಯೇ ನಂಬುವ ಮನುಷ್ಯ ಎದುರಾದದ್ದು ಅದೇ ಮೊದಲು.

ತಂಗಿಯೂ ಸಾಕು ಎಂದಿದ್ದಳು. ಅವಳ ತಾಟೂ ಖಾಲಿ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅನ್ನ ಬಂದಾಗ ನಾನು ಜಾಣನಾಗಬಹುದಿತ್ತು. ಆದರೆ ಬಾಯಿ ಅಭ್ಯಾಸಬಲದಿಂದ, "ಸ್ವಲ್ಪ, ಸ್ವಲ್ಪ, ಸಾಕು ಸಾಕು" ಎಂದಿತು. ಆ ಪುಣ್ಯಾತ್ಮರು ಸ್ವಲ್ಪವೇ ಹಾಕಿದರು. ಪಕ್ಕದ ಟೇಬಲ್ಲಿನ ಅಜ್ಜನವರೂ ಸಾಕು ಎಂದು ಹೇಳಿ, ಇನ್ನೇನು ಬೀಳಲಿರುವ ಚಪಾತಿಗಾಗಿ ಕೈ ತುಸು ಹಿಂದೆ ತೆಗೆದು, ಬೀಳದ ಚಪಾತಿಯ ಜಾಗವನ್ನೇ ನೋಡುತ್ತ ಕೂತಿದ್ದರು. ಅವರ ಮಕ್ಕಳೂ ಹಾಗೆಯೇ. ಏಳು ಟೇಬಲ್ಲಿನಲ್ಲಿ ಐದರ ಜನ ನಮ್ಮ ಕಡೆಯವರು. ಐದಕ್ಕೆ ಐದೂ ಅರ್ಧ ಹೊಟ್ಟೆಯಲ್ಲಿ, ಅತ್ಯಂತ ಮರ್ಯಾದೆಯಿಂದ, ಕೈ ತೊಳೆಯಲು ಎದ್ದವು. ಹೋಗುವಾಗ ಭಾಯಿಯವರಿಗೆ, "ಅಡಗಿ ಛಲೋ ಐತ್ರಿ" ಎಂದೂ ಹೇಳಿದವು.

ಜನವೆಲ್ಲ ಹೋದ ಮೇಲೆ ಭಾಯಿ ನಮ್ಮ ಎದುರು ಕುರ್ಚಿ ಎಳೆದುಕೊಂಡರು. "ನೋಡಿದೆಲ್ಲ ಅಕ್ಕಾ? ಛಲೋ ಐತಿ ಅಂತಾರ, ರಾತ್ರಿ ಯಾರೂ ಬರೂದಿಲ್ಲ. ರೊಟ್ಟಿ ಇಲ್ಲಂತನ ಹಿಂಗ ಆಗೇತಿ."

"ರೊಟ್ಟಿ ಅಲ್ಲ ಭಾಯಿ. ನಿಮ್ಮಲ್ಲಿ ಒತ್ತಾಯ ಇಲ್ಲ" ಎಂದಳು ತಂಗಿ.

"ಅಂದ್ರ?"

"ಅಂದ್ರ ನಾವಿಬ್ಬರೂ ಹಸಿದ ಕುಂತೇವಿ."

ಭಾಯಿ ಹಣೆ ಬಡಿದುಕೊಂಡರು. ಅವರೂ ನಮ್ಮ ಕಡೆಯವರೇ. ಆದರೆ ದುಡ್ಡು ಎಣಿಸುವ ಗಲ್ಲೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂರುವವರಿಗೆ ಬೆನ್ನ ಹಿಂದಿನ ತಾಟು ಕಾಣುವುದು ಹೇಗೆ? ಬಡಿಸುವವರನ್ನು ಕರೆದು ಕೇಳಿದರು. ಅವರು ನಿಜವಾಗಿಯೂ ನೊಂದುಕೊಂಡು, "ಸಾಕು ಹೇಳಿದ್ರಲ್ಲ ಮಾರಾಯ್ರೆ! ಸಾಕು ಹೇಳಿದ ಮೇಲೆ ಹಾಕಿದ್ರೆ ಅದು ಜುಲುಮೆ ಅಲ್ಲ?" ಎಂದರು. ಅದೂ ನ್ಯಾಯವೇ. ನಾನು ಎರಡೂ ಪಕ್ಷಗಳನ್ನು ತೂಗಿ ನೋಡಿದೆ. ಮುಳ್ಳು ನಡುವೆ ನಿಂತಿತು. ಮತ್ತೆರಡು ಚಪಾತಿ ತರಿಸಿ ತಿಂದೆ.

ಸಂಜೆ ಸಮುದ್ರಕ್ಕೆ ಹೋದೆವು. ತಂಗಿ ಅದನ್ನು, ಹೊಸದಾಗಿ ಮನೆ ಕಟ್ಟಿಸಿದ ಬೀಗರ ಪಡಸಾಲೆಯನ್ನು ನೋಡುವಂತೆ, ಈ ತುದಿಯಿಂದ ಆ ತುದಿಯ ತನಕ ಒಮ್ಮೆ ನೋಡಿ, "ಛಲೋ ಐತಿ" ಎಂದಳು. ಆಮೇಲೆ ಸಮುದ್ರಕ್ಕೆ ಬೆನ್ನು ಹಾಕಿ, ಮರಳಿನ ಮೇಲೆ ಚುರಮುರಿ ತಿನ್ನುತ್ತಿದ್ದವರನ್ನು ನೋಡುತ್ತ ಕೂತಳು. ನನ್ನತ್ತ ತಿರುಗದೆಯೇ ಕೇಳಿದಳು:

"ನಾ ಇಲ್ಲಿಗೆ ಬಂದ್ರ ಮಧ್ಯಾಹ್ನ ನೀ ಎಲ್ಲೆ ಉಣ್ತಿ?"

"ಆ ವಿಚಾರ ನನ್ನ ತೂಕದಾಗ ಬರೂದಿಲ್ಲ" ಎಂದೆ ಗಂಭೀರವಾಗಿ.

"ಬರೂದಿಲ್ಲಂದ್ರ ಮತ್ಯಾಕ ಮುಂಜಾನಿಂದ ಬರೇ ತಪ್ಪ ಬರಕೊಳ್ಳಾಕತ್ತಿ ಆ ಪುಸ್ತಕದಾಗ?"

ಇದಕ್ಕೆ ಉತ್ತರ ಸಮುದ್ರವೇ ಕೊಡಲಿ ಎಂದು ನಾನು ಅದರತ್ತ ನೋಡತೊಡಗಿದೆ.

ಅಂದು ಏಳು ಗಂಟೆಗೆಲ್ಲ ತಂಗಿ ಭಾಯಿಯವರ ಅಡುಗೆಮನೆ ಹೊಕ್ಕಳು. ಜೋಳದ ಹಿಟ್ಟನ್ನು ಹಳಿಯಾಳದಿಂದಲೇ ಗಂಟು ಕಟ್ಟಿ ತಂದಿದ್ದಳೆಂದು ನನಗೆ ತಿಳಿದದ್ದು ಆಗಲೇ. ಅಂದರೆ ಅವಳ ಮನಸ್ಸು ನನ್ನ ತೀರ್ಪಿಗಾಗಿ ಕಾಯುತ್ತಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮೆಟ್ಟಿಲೇರಿ ಮೂರನೇ ಮಾಳಿಗೆಯ ತನಕ ಹೋಯಿತು. ಆ ಸಪ್ಪಳಕ್ಕೆ ಅಣ್ಣಿಗೇರಿಯ ಅಜ್ಜ ಮೊದಲು ಇಳಿದು ಬಂದರು. ಹಿಂದೆ ಅವರ ಇಡೀ ಸೈನ್ಯ.

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಒಂದು ಗೋಡೆ, ಅದರ ಮೂಲೆಯಲ್ಲಿ ಒಂದು ಬಾಗಿಲು. ತಂಗಿ ಒಳಗೆ ಸುಡುವುದು, ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಿನಿಂದ ಹೊರಗೆ ಬರುವುದು, ಹಾಕುವುದು, ಮತ್ತೆ ಒಲೆಯ ಕಡೆ ಓಡುವುದು.

"ಅಜ್ಜಾರ, ಇನ್ನೊಂದ."

"ಸಾಕವ್ವಾ."

"ಏನ್ ಸಾಕು? ಅಣ್ಣಿಗೇರಿಯಿಂದ ಇಲ್ಲಿ ತನಕ ಎರಡ ರೊಟ್ಟಿ ತಿನ್ನಾಕ ಬಂದೀರೇನ?"

ಅಜ್ಜ ಐದು ತಿಂದರು. "ಸಮುದ್ರಕ್ಕ ಬಂದಿದ್ದೂ ಸಾರ್ಥಕ ಆತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಗಲ್ಲೆಯ ಮೇಲೆ ಭಾಯಿಯವರ ಮುಖ ಅರಳಿತು. ನನ್ನದು ತುಸು ಬಾಡಿತು. ತಾಟಿನಲ್ಲಿ ನನಗೆ ನಾಲ್ಕನೆಯ ರೊಟ್ಟಿ ಬಿದ್ದಿತ್ತು. ಅದನ್ನು ತಿನ್ನುತ್ತಲೇ ಬಾಡಿದೆ.

ಆಗ ಮೂಲೆಯ ಟೇಬಲ್ಲಿಗೆ ಮಂಗಳೂರಿನ ಕಡೆಯ ಗಂಡ ಹೆಂಡತಿ ಬಂದು ಕೂತರು. ರೊಟ್ಟಿಗೆ ಹೊಸಬರು, ರುಚಿ ನೋಡೋಣವೆಂದು ಒಂದೊಂದು ತಿಂದರು. ತಂಗಿ ಬುಟ್ಟಿ ಹಿಡಿದು ಹೋದಳು.

"ಸಾಕು" ಎಂದಳು ಆ ಹೆಣ್ಣುಮಗಳು.

"ಒಂದ ರೊಟ್ಟಿಗೆ ಸಾಕಂದ್ರ ಹೆಂಗವ್ವಾ?" ಎಂದು ತಂಗಿ ಹಾಕಿಯೇಬಿಟ್ಟಳು. ಮೇಲೆ ಬೆಣ್ಣೆ ಇಟ್ಟಳು.

"ಅಯ್ಯೋ, ಬೇಡ ಅಂದೆನಲ್ಲಮ್ಮ. ನಂಗೆ ನಿಜವಾಗ್ಲೂ ಹೋಗೋದಿಲ್ಲ" ಎಂದಳು ಅವಳು. ಸಿಟ್ಟಿನಿಂದಲ್ಲ; ಸಂಕೋಚದಿಂದ. ಐದು ನಿಮಿಷದ ಮೇಲೆ ಇಬ್ಬರೂ ಎದ್ದು ಹೋದರು. ತಾಟಿನಲ್ಲಿ ರೊಟ್ಟಿ ಹಾಗೆಯೇ ಇತ್ತು. ಬೆಣ್ಣೆ ಕರಗಿ ಅಂಚಿಗೆ ಹರಿದಿತ್ತು.

ನಮ್ಮ ಮನೆಯಲ್ಲಿ ತಾಟಿನಲ್ಲಿ ಬಿದ್ದದ್ದು ಪ್ರಸಾದ. ಅಪ್ಪ ಉಂಡ ತಾಟನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ತಂಗಿ ಆ ತಾಟನ್ನು ತಾನೇ ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ನೋಡಿದರೆ ಹಿಂದಿನ ಮೆಟ್ಟಿಲ ಮೇಲೆ ತಾಟು ತೊಡೆಯ ಮೇಲಿಟ್ಟುಕೊಂಡು, ಆ ರೊಟ್ಟಿಯನ್ನು ಮುರಿದು ಮುರಿದು ತಾನೇ ತಿನ್ನುತ್ತಿದ್ದಳು.

"ಇಪ್ಪತ್ತಾರ ವರ್ಷದಾಗ ನನ್ನ ರೊಟ್ಟಿ ತಾಟಿನಾಗ ಉಳದಿದ್ದಿಲ್ಲ ಅಣ್ಣಾ."

"ಬ್ಯಾರೆ ಸೀಮಿ, ಬ್ಯಾರೆ ಮಂದಿ" ಎಂದೆ. "ನಾಳೆ ಮುಂಜಾನಿ ಬಸ್ಸಿಗೆ ಹೋಗಿಬಿಡೂಣು."

"ಹೂಂ" ಎಂದಳು.

ಮೇಲೆ ಹೋಗಿ ಪುಸ್ತಕ ತೆಗೆದೆ. ಬರೆಯಬೇಕಾದದ್ದು ಇನ್ನೇನೂ ಇರಲಿಲ್ಲ. ಅಂದುಕೊಂಡಂತೆಯೇ ತೂಕ ಕಡಿಮೆ ಬಿದ್ದಿತ್ತು, ಅದೂ ನನ್ನ ಕೈವಾಡವಿಲ್ಲದೆ. ಸಂತೋಷವಾಗಬೇಕಿತ್ತು. ಆಯಿತು ಕೂಡ, ನಾಚಿಕೆಯಿಂದಲೇ ಹೇಳುತ್ತೇನೆ. ಆದರೆ ಮೆಟ್ಟಿಲ ಮೇಲೆ ರೊಟ್ಟಿ ಮುರಿಯುತ್ತಿದ್ದ ಕೈ ಕಣ್ಣ ಮುಂದೆ ಬಂದು ಆ ಸಂತೋಷ ರುಚಿಗೆಟ್ಟಿತು. ಯುಗಾದಿಯ ನಂತರ ಆ ಕೈಗಳು ನಮ್ಮ ಪಡಸಾಲೆಯಲ್ಲಿ ಟೀವಿಯ ರಿಮೋಟು ಹಿಡಿದು ಕೂತಿರುತ್ತವೆ. ಹಾಗಾದರೂ ಕಿಟಕಿಯ ಪಕ್ಕದ ನನ್ನ ಮಧ್ಯಾಹ್ನದ ಊಟವೇನೂ ಉಳಿಯುವುದಿಲ್ಲ. ಖಾನಾವಳಿ ಹೇಗಿದ್ದರೂ ಮುಚ್ಚುತ್ತದೆ. ಇಷ್ಟು ಸರಳ ಲೆಕ್ಕ ಎರಡು ವಾರದಿಂದ ನನ್ನ ತಲೆಗೆ ಹೊಳೆದಿರಲಿಲ್ಲ.

ಬೆಳಿಗ್ಗೆ ಚೀಲ ಹಿಡಿದು ಇಳಿದರೆ ಹೋಟೆಲು ಖಾಲಿ. ವಾರಾಂತ್ಯದ ಜನವೆಲ್ಲ ಹೊರಟುಹೋಗಿತ್ತು. ಕುರ್ಚಿಗಳು ಟೇಬಲ್ಲಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ತಂಗಿ ಎಲ್ಲಿ ಎಂದು ನೋಡಿದರೆ ಅಡುಗೆಮನೆಯ ನೆಲದ ಮೇಲೆ, ಇನ್ನೂ ಒಲೆ ಹೂಡದ ಜಾಗದಲ್ಲಿ, ಒಲೆಯ ಮುಂದೆ ಕೂತಂತೆ ಕೂತಿದ್ದಳು. ಭಾಯಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಮುಖ ನೋಡಿದರೆ, ಅಕ್ಕನಿಗೆ ತಲೆ ಕೆಟ್ಟಿತೇ ಎಂದು ಚಿಂತಿಸುತ್ತಿರುವಂತಿತ್ತು.

"ಅಣ್ಣಾ, ಇಲ್ಲಿಂದ ಏನ ಕಾಣತೈತಿ ಹೇಳು" ಎಂದಳು.

ಬಗ್ಗಿ ನೋಡಿದೆ. "ಗ್ವಾಡಿ."

"ಹಾಂ! ಗ್ವಾಡಿ ಕಾಣತೈತಿ. ಉಣ್ಣಾವರು ಕಾಣೂದಿಲ್ಲ. ನಿನ್ನೆ ಬುಟ್ಟಿ ಹಿಡಕೊಂಡ ಓಡಿ ಹೋದೆ, ಹಾಕಿದೆ, ಓಡಿ ಬಂದೆ. ಆ ಹುಡಿಗಿ ಕೈ ನಾ ನೋಡ್ಲೇ ಇಲ್ಲ."

"ಕೈಯಾಗ ಏನ ನೋಡೂದ ಇರತೈತಿ?"

"ಅಲ್ಲ, ಇಷ್ಟ ವರ್ಷ ಉಂಡೀದಿ, ನಿನಗ ಗೊತ್ತಿಲ್ಲೇನ?" ಎಂದು ಅವಳು ನಿಜವಾಗಿಯೇ ಆಶ್ಚರ್ಯಪಟ್ಟಳು. "ನಾ ಯಾರ ಮಾತೂ ಕೇಳಂಗಿಲ್ಲ ಅಂತ ಊರೆಲ್ಲ ಅಂತೈತಿ. ಖರೇನ, ಮಾತ ಕೇಳಂಗಿಲ್ಲ. ಕೈ ನೋಡ್ತೇನಿ. ಇನ್ನೂ ಬೇಕಾದಾಂವ ಬಾಯಿಲೆ ಸಾಕಂತಾನ, ಬೆರಳಲೆ ಪಲ್ಲೆ ತಾಟಿನ ನಡುವ ಸರಸತಾನ. ಹೊಟ್ಟಿ ತುಂಬಿದಾಂವ ಪಲ್ಲೆ ಅಂಚಿಗೆ ದೂಡತಾನ. ನಿಂದಂತೂ ಸುಳ್ಳ ಸಾಕು. ಮೂರ ರೊಟ್ಟಿ ಆದಮ್ಯಾಲೂ ನಿನ್ನ ಎಡಗೈ ನೀರಿನ ಚರಿಗಿ ಕಡೆ ಹೋಗೂದಿಲ್ಲ."

ಇಪ್ಪತ್ತಾರು ವರ್ಷ ಆ ಒಲೆಯ ಹಿಂದೆ ಒಂದು ತೂಕದ ಕಟ್ಟೆ ಇತ್ತು. ಅದರ ಮೇಲೆ ಆರು ವರ್ಷ ದಿನವೂ ನಾನೇ ಹತ್ತಿಳಿದಿದ್ದೆ. ಕಸುಬಿನವನಾದ ನನಗೇ ಅದು ತಿಳಿದಿರಲಿಲ್ಲ.

"ಭಾಯಿ, ಈ ಗ್ವಾಡ್ಯಾಗ ಒಂದ ದೊಡ್ಡ ಕಿಡಕಿ ಒಡದ ಕೊಡ್ರಿ. ನಾ ಕುಂತಲ್ಲಿಂದ ತಾಟ ಕಾಣಬೇಕು. ಕೊಟ್ರ ಬರ್ತೇನಿ. ಇಲ್ಲಾಂದ್ರ ಅಣ್ಣನ ಜೋಡಿ ಈಗ ಬಸ್ ಹತ್ತತೇನಿ."

ಭಾಯಿ ಗೋಡೆಯನ್ನೂ ಮೇಲಿನ ಮಾಳಿಗೆಗಳನ್ನೂ ಮನಸ್ಸಿನಲ್ಲೇ ನೋಡಿದರು. "ಒಡಿಯಾಕ ಏನಿಲ್ಲ ಅಕ್ಕಾ. ಆದ್ರ ನಾ ಕಟ್ಟಿಸಿದ್ದಲ್ಲ ಇದು, ತಯಾರ ಇದ್ದದ್ದು ತಗೊಂಡಾಂವ. ಲಾರಿ ಆಗಿದ್ರ ಬಡದ ನೋಡಿ ಹೇಳ್ತಿದ್ದೆ. ಮ್ಯಾಲಿಂದೆಲ್ಲಾ ಇದರ ಮ್ಯಾಲ ನಿಂತಿದ್ರ?" ಎಂದು ತಲೆ ಕೆರೆದುಕೊಂಡವರು ಥಟ್ಟನೆ ನನ್ನ ಕಡೆ ತಿರುಗಿದರು. "ಅಣ್ಣಾರ, ನೀವು ತೂಕದ ಕಾಟಾದಾಗಿದ್ದವರು. ಭಾರ ಎಲ್ಲೆ ಕುಂತಿರತೈತಿ ಅನ್ನೂದು ನಿಮಗ ಗೊತ್ತಿರತೈತಿ. ಹೇಳ್ರಿ, ಈ ಗ್ವಾಡಿ ಮ್ಯಾಲ ಭಾರ ಐತೇನ್ರಿ?"

ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ತೀರ್ಪಿಗಾಗಿ ಬಾಯಿ ಬಿಟ್ಟು ಕಾಯುತ್ತಿದ್ದರು. ನಾನು ಒಂದು ಕುರ್ಚಿ ಎಳೆದು ಗೋಡೆಯ ಪಕ್ಕ ಹತ್ತಿ ನಿಂತೆ. ಗೋಡೆಯ ತಲೆಯ ಮೇಲೆ ಧೂಳು, ಒಂದು ಹಳೆಯ ವೈರು. ವೈರು ಅಡುಗೆಮನೆಯಿಂದ ಊಟದ ಕೋಣೆಗೆ ಗೋಡೆಯ ಮೇಲಿನಿಂದಲೇ ದಾಟಿ ಹೋಗಿತ್ತು. ಗೋಡೆಗೂ ಸ್ಲ್ಯಾಬಿಗೂ ನಡುವೆ ಎರಡು ಬೆರಳು ಜಾಗ. ಬೆರಳು ತೂರಿಸಿ ನೋಡಿದೆ; ಆ ಕಡೆಯ ಗಾಳಿ ತಾಗಿತು. ಸೂರನ್ನು ಮುಟ್ಟದ ಗೋಡೆ ಯಾರ ಭಾರವನ್ನೂ ಹೊರುವುದಿಲ್ಲ. ಯಾರೋ ಆಮೇಲೆ ಎಬ್ಬಿಸಿದ ಅಡ್ಡಗೋಡೆ ಅದು.

ಕೆಳಗೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಐತ್ರಿ, ಬಾಳ ಭಾರ ಐತಿ, ಮುಟ್ಟಬ್ಯಾಡ್ರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಭಾಯಿ ಹೆದರುತ್ತಿದ್ದರು, ತಂಗಿ ಚೀಲ ಎತ್ತಿಕೊಳ್ಳುತ್ತಿದ್ದಳು. ಖಾನಾವಳಿಯ ಊಟ ಹೋದರೆ ಹೋಗಲಿ, ಮಾತಿಗಾದರೂ ಅವಳು ಮನೆಯಲ್ಲಿ ಇರುತ್ತಿದ್ದಳು. ಕಾರ್ಖಾನೆಯಲ್ಲಿದ್ದಾಗ ತುಂಬಿದ ಗಾಡಿಯ ಮೇಲೆ ಇಬ್ಬರು ಹೆಚ್ಚಿಗೆ ಕೂತು ಬಂದರೆ ಇಳಿಸಿ ತೂಗುತ್ತಿದ್ದ ಮನುಷ್ಯ ನಾನು. ಈಗ ಈ ಗೋಡೆಯ ಮೇಲೆ ಹೆಚ್ಚಿಗೆ ಕೂತಿದ್ದವನು ನಾನೊಬ್ಬನೇ.

"ಏನ ಅಣ್ಣಾ, ಅಲ್ಲಿಂದ ಸಮುದ್ರ ಕಾಣತೈತೇನ?" ಎಂದಳು ತಂಗಿ ಕೆಳಗಿನಿಂದ.

"ಭಾರ ಇಲ್ಲ" ಎಂದೆ. "ಸೂರಿಗೆ ಮುಟ್ಟೇ ಇಲ್ಲ ಇದು. ಒಂದ ಸಲ ಗ್ವಾಡಿ ಕಟ್ಟೂ ಗೌಂಡಿಗೆ ತೋರಸ್ರಿ. ಆದ್ರ ಒಡೀಬಹುದು."

ಭಾಯಿ ನನ್ನನ್ನು ಕೈಹಿಡಿದು ಇಳಿಸಿಕೊಂಡರು. ತಂಗಿ ಕೂತಲ್ಲಿಂದಲೇ ನನ್ನನ್ನು ಒಮ್ಮೆ, ಸಮುದ್ರವನ್ನು ನೋಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು, ನೋಡಿದಳು.

ಬಸ್ಸು ಹೋಯಿತು. ಇನ್ನೊಂದು ಮಧ್ಯಾಹ್ನಕ್ಕಿತ್ತು. ಗೌಂಡಿ ಬರುವ ಮುಂಚೆ ಕಿಟಕಿಯ ಅಳತೆ ಬರೆದಿಡಬೇಕೆಂದು ತಂಗಿ ಹಟ ಹಿಡಿದ ಕಾರಣ, ಇಂದಿನ ವಿಶೇಷ ಎಂದು ಬರೆಯುವ ಹಲಗೆಯ ಸೀಮೆಸುಣ್ಣ ನನ್ನ ಕೈಗೆ ಬಂತು. ಬಡಿಸುವವರು ಊಟದ ಕೋಣೆಯಲ್ಲಿ ಒಂದು ಟೇಬಲ್ಲಿನ ಮುಂದೆ ಖಾಲಿ ತಾಟು ಇಟ್ಟುಕೊಂಡು, ಗಿರಾಕಿಯಂತೆ ಬಲು ಮರ್ಯಾದೆಯಿಂದ ಕೂತರು. ಭಾಯಿ ಬಾಗಿಲಲ್ಲಿ ನಿಂತು ಆ ಕಡೆಯದನ್ನು ಈ ಕಡೆಗೆ ಕೂಗಿ ಹೇಳುತ್ತಿದ್ದರು. ಗೋಡೆಯಿದ್ದೂ ಅದರಾಚೆಯ ತಾಟನ್ನು ಕಾಣಲು ತಂಗಿಗೊಂದು ಉಪಾಯವಿತ್ತು: ಒಂದು ಉದ್ದ ಕೋಲನ್ನು ತನ್ನ ಕಣ್ಣಿನ ಎತ್ತರಕ್ಕೆ ಹಿಡಿದು, ಅದರ ಇನ್ನೊಂದು ತುದಿಯನ್ನು ಬಾಗಿಲಿನ ಮೂಲಕ ಟೇಬಲ್ಲಿನ ಎತ್ತರಕ್ಕೆ ಇಡಿಸುವುದು, ಕೋಲು ಗೋಡೆಯ ಅಂಚನ್ನು ತಾಗಿದಲ್ಲಿ ನಾನು ಕಿಟಕಿಯ ಕೆಳಗಂಚಿನ ಗೆರೆ ಎಳೆಯುವುದು. ಎಂಜಿನಿಯರರು ಇದನ್ನು ಒಪ್ಪುವರೋ ಇಲ್ಲವೋ ತಿಳಿಯದು. ಎಳೆದೆ.

"ತಾಟ ಕಾಣತೈತಿ" ಎಂದಳು ಅವಳು ಒಂದು ಕಣ್ಣು ಮುಚ್ಚಿ ಕೋಲಿನ ನೇರಕ್ಕೆ ನೋಡುತ್ತ. "ಕೈ ಕಾಣಂಗಿಲ್ಲ. ಸಣ್ಣ ಕೂಸು ಕುಂತ್ರ ಅದರ ಕೈ ಇನ್ನೂ ಕೆಳಗ ಇರತೈತಿ. ನಾಕ ಬೆರಳ ಇಳಸು ಅಣ್ಣಾ."

ಅಂಗಿಯ ತೋಳಿನಿಂದ ಗೆರೆ ಒರೆಸಿ, ನಾಲ್ಕು ಬೆರಳು ಕೆಳಗೆ, ಈ ತುದಿಯಿಂದ ಆ ತುದಿಯ ತನಕ, ನೇರವಾಗಿ ಇನ್ನೊಂದು ಎಳೆದೆ.